ಅಂಗಳದ ನೀರು ಎಲ್ಲಿಗೆ ಹೋಗುತ್ತದೆ?



ಈ ಸಲದ ವಾರ್ಷಿಕ ಮಹಾಸಭೆಯ ವಿಷಯಪಟ್ಟಿಯಲ್ಲಿ ಕೊನೆಗೆ ಒಂದು ಸಣ್ಣ ಬಾಬು ಇದೆ. ‘ಗೋದಾಮಿನ ಲೋಡಿಂಗ್ ಕಟ್ಟೆಗೆ ಮಾಡು ಹಾಕಿಸುವುದು, ಅಂಗಳದ ಚರಂಡಿ ಸರಿಪಡಿಸುವುದು ಮತ್ತು ತತ್ಸಂಬಂಧ ಖರ್ಚಿಗೆ ಮಂಜೂರಾತಿ’ ಎಂದು ಅದನ್ನು ನಾವು ಬರೆದಿದ್ದೇವೆ. ನೋಟೀಸು ತಲುಪಿದ ವಾರದೊಳಗೆ ನಾಲ್ಕೈದು ಸದಸ್ಯರು ಆಫೀಸಿಗೆ ಬಂದಾಗ ಇದನ್ನೇ ಎತ್ತಿದರು. ಮಳೆಗಾಲದಲ್ಲಿ ಚರಂಡಿಯಲ್ಲಿ ನೀರು ಸರಾಗ ಹೋಗುತ್ತಿದೆ, ಎಲ್ಲೂ ಕಟ್ಟಿ ನಿಂತಿಲ್ಲ, ಮತ್ತೆ ಸರಿಪಡಿಸುವುದೇನು? ಆ ಹಣವನ್ನು ಡಿವಿಡೆಂಡಿಗೆ ಸೇರಿಸಬಾರದೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ನೀರು ಅಷ್ಟು ಸರಾಗವಾಗಿ ಹೋಗುತ್ತಿರುವುದೇ ನಮ್ಮ ಚಿಂತೆಗೆ ಕಾರಣ. ಅದು ಎಲ್ಲಿಗೆ ಹೋಗುತ್ತದೆ, ಹೋಗುವಾಗ ಏನೇನನ್ನು ತೊಳೆದುಕೊಂಡು ಹೋಗುತ್ತದೆ ಎಂಬುದನ್ನು ಸಭೆಗೆ ಮೊದಲೇ ತಮ್ಮ ಮುಂದಿಡುವ ಸಲುವಾಗಿ ಈ ಲೇಖನ.

2016ರ ಏಪ್ರಿಲ್ ಮೊದಲ ವಾರದಲ್ಲಿ ನಡೆದದ್ದು ಹಳೆಯ ಸದಸ್ಯರಿಗೆ ನೆನಪಿದ್ದೀತು. ಕೊಳೆರೋಗದ ಸಿಂಪಡಣೆಗೆಂದು ಆ ವರ್ಷದ ಮೈಲುತುತ್ತದ ಲೋಡು ಒಂದು ಶನಿವಾರ ಮಧ್ಯಾಹ್ನ ಬಂತು. ದಾರಿಯ ಕುಲುಕಾಟಕ್ಕೆ ಮೂರು ನಾಲ್ಕು ಚೀಲ ಹರಿದಿದ್ದವು. ಹಮಾಲರು ಹರಿದದ್ದನ್ನು ಬೇರೆ ಚೀಲಕ್ಕೆ ತುಂಬಿ, ಕಟ್ಟೆಯ ಮೇಲೆ ಚೆಲ್ಲಿದ ಹರಳನ್ನು ಗುಡಿಸಿ ಒಂದು ಮೂಲೆಗೆ ಒಟ್ಟಿದರು. ‘ನಾಡಿದ್ದು ತೆಗೆದರಾಯಿತು’ ಎಂದವರು ನಾವೇ. ಅಂದು ಬಟವಾಡೆಯ ಗಡಿಬಿಡಿ ಬೇರೆ ಇತ್ತು. ಸಂಜೆ ಐದೂವರೆಗೆ ಗುಡುಗಿನೊಡನೆ ಮಳೆ ಬಂದು ಇಪ್ಪತ್ತು ನಿಮಿಷ ಹೊಡೆದು ನಿಂತಿತು. ಆಫೀಸಿನ ಜಗಲಿಯಲ್ಲಿ ನಿಂತು, ಕಾಫಿಗೆ ಒಳ್ಳೆಯ ಹೂಮಳೆಯಾಯಿತು ಎಂದು ನಾವೆಲ್ಲ ಸಂತೋಷಪಟ್ಟೆವು.

ಸೋಮವಾರ ಬೆಳಿಗ್ಗೆ ಬೀಗ ತೆಗೆಯುವ ಹೊತ್ತಿಗೆ ಕೆಳಗಿನ ಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದಿದ್ದವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಬಕೆಟ್ಟು, ಅದರಲ್ಲಿ ಬೆರಳುದ್ದದ ಕಾಟ್ಲಾ, ರೋಹು ಮರಿಗಳು, ಎಲ್ಲವೂ ಸತ್ತವು. ಅವರು ಕೂಗಾಡಲಿಲ್ಲ. “ಸೆಕ್ರೆಟರಿಗಳೇ, ನಾನು ಕೆರೆಯಿಂದ ಹಳ್ಳದ ಗುಂಟ ಹತ್ತಿ ಬಂದೆ. ನಿಮ್ಮ ಮೋರಿ ಬಾಯಿಯ ಕಲ್ಲೆಲ್ಲ ನೀಲಿಯಾಗಿದೆ. ಬನ್ನಿ, ನೀವೇ ನೋಡಿ,” ಎಂದರು. ಹೋಗಿ ನೋಡಿದೆವು. ಇದ್ದದ್ದು ಹಾಗೆಯೇ. ಕಟ್ಟೆಯ ಮೂಲೆಯಲ್ಲಿ ಒಟ್ಟಿದ್ದ ರಾಶಿಯ ಗುರುತೂ ಉಳಿದಿರಲಿಲ್ಲ.

ಆ ಮನುಷ್ಯ ಕೂಡ ನಮ್ಮ ಸಂಘದ ಷೇರುದಾರರೇ, ಹಳ್ಳದ ಬದಿಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ಇರುವವರು. ಮರಿಗಳ ಬೆಲೆಯನ್ನು ಸಂಘ ಕಟ್ಟಿಕೊಟ್ಟಿತು. ಕೆರೆಯ ಪಕ್ಕದ ಕುಡಿಯುವ ನೀರಿನ ಬಾವಿಯನ್ನು ಪರೀಕ್ಷೆಯ ವರದಿ ಬರುವ ತನಕ 11 ದಿನ ಮುಚ್ಚಿದರು. ನಲವತ್ತು ಮನೆಯವರು ಅಷ್ಟು ದಿನ ಟ್ಯಾಂಕರಿನ ನೀರು ಕುಡಿದರು. ವರದಿಯಲ್ಲಿ ಬಾವಿಗೆ ತೊಂದರೆ ಇಲ್ಲವೆಂದು ಬಂತು. ಅದು ಬರುವವರೆಗೆ ನಮ್ಮ ಅಧ್ಯಕ್ಷರಿಗೂ ನಮಗೂ ಸರಿಯಾಗಿ ನಿದ್ದೆ ಬರಲಿಲ್ಲ ಎಂಬುದನ್ನು ಇಲ್ಲಿ ಬರೆಯಲು ಸಂಕೋಚವಿಲ್ಲ.

ಮರಿಗಳು ಸಾಯಲು ಎಷ್ಟು ಮೈಲುತುತ್ತ ಬೇಕಾಯಿತು? ದಾಸ್ತಾನು ಪುಸ್ತಕದಲ್ಲಿ ಕಡಿಮೆ ಬಿದ್ದದ್ದು 3 ಕಿಲೋ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಅಂದರೆ 750 ಗ್ರಾಂ ತಾಮ್ರ. ಬೇಸಿಗೆಯ ಕೆರೆ, ಒಂದು ಎಕರೆ ಹರವು, ಸರಾಸರಿ ಅರ್ಧ ಮೀಟರ್ ನೀರು ಎಂದು ಹಿಡಿದರೆ 20 ಲಕ್ಷ ಲೀಟರ್. ಅಷ್ಟೂ ತಾಮ್ರ ಕೆರೆ ಸೇರಿದರೆ ಲೀಟರಿಗೆ ಮಿಲಿಗ್ರಾಮಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ಆದರೆ ತಾಮ್ರವು ಮೀನಿನ ಕಿವಿರನ್ನು ಹಿಡಿಯುತ್ತದೆ. ಸುಣ್ಣದಂಶ ಹೆಚ್ಚಿರುವ ಗಡಸು ನೀರಿನಲ್ಲಿ ಅದರ ವಿಷ ಒಂದಿಷ್ಟು ತಗ್ಗುವುದುಂಟು. ನಮ್ಮ ಮಲೆನಾಡಿನದು ಸೋಪು ಬೇಗ ನೊರೆಗೊಳ್ಳುವ ಮೆದು ನೀರು. ಇಲ್ಲಿ ಮೀನಿಗೆ ಆ ರಕ್ಷಣೆಯೂ ಇಲ್ಲ. ತೋಟದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕಿ ಹದ ಮಾಡಿದ ಬೋರ್ಡೋ ದ್ರಾವಣ ಗೊನೆಗೆ ಅಂಟಿ ನಿಂತು ಬೆಳೆ ಕಾಯುತ್ತದೆ. ಸುಣ್ಣ ಕಾಣದ ಅದೇ ಹರಳು ಮಳೆಗೆ ಕರಗಿ ಹಳ್ಳಕ್ಕಿಳಿದಾಗ ಈ ಕೆಲಸ ಮಾಡುತ್ತದೆ.

ಮೊದಲ ಮಳೆಯ ಸಮಾಚಾರ

ಜುಲೈ ತಿಂಗಳಲ್ಲಿ ಇದೇ 3 ಕಿಲೋ ಚೆಲ್ಲಿದ್ದರೆ ಬಹುಶಃ ಯಾರಿಗೂ ತಿಳಿಯುತ್ತಿರಲಿಲ್ಲ. ಆಗ ಹಳ್ಳ ದಡ ಮುಟ್ಟಿ ಹರಿಯುತ್ತಿರುತ್ತದೆ. ತಿಳಿಯದಿದ್ದ ಮಾತ್ರಕ್ಕೆ ಸರಿ ಎಂದಲ್ಲ. ಆದರೆ ಹೂಮಳೆಯ ಕಾಲದ ಸ್ಥಿತಿಯೇ ಬೇರೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಅಂಗಳದ ಮೇಲೆ ಬಿದ್ದ ಗೊಬ್ಬರದ ಪುಡಿ, ಲಾರಿಯಿಂದ ತೊಟ್ಟಿಕ್ಕಿದ ಎಣ್ಣೆ, ಹಲ್ಲರಿನ ಧೂಳು, ಟಯರು ಸವೆದ ಕಪ್ಪು, ಎಲ್ಲವೂ ಅಲ್ಲೇ ಕೂತಿರುತ್ತದೆ. ನಾಲ್ಕು ತಿಂಗಳ ಕೊಳೆಯನ್ನು ಮೊದಲ ಮಳೆಯ ಮೊದಲ ಅರ್ಧ ಗಂಟೆ ಒಂದೇ ಸಲಕ್ಕೆ ತೊಳೆಯುತ್ತದೆ. ಆ ಹೊತ್ತಿಗೆ ಹಳ್ಳದಲ್ಲಿರುವುದು ಮೊಣಕಾಲಿಗೂ ಬಾರದ ನೀರು. ವರ್ಷದಲ್ಲಿ ಅತ್ಯಂತ ಕೊಳಕಾದ ನೀರು ಅತ್ಯಂತ ಬಡಕಲಾದ ಹಳ್ಳಕ್ಕೆ ಹೋಗಿ ಸೇರುವುದು ಈ ಒಂದು ದಿನ. ನಾವು ಆ ದಿನ ಹೂವು ನೋಡುತ್ತಾ ನಿಂತಿರುತ್ತೇವೆ.

ಕಾರ್ಖಾನೆಯ ಮಾಲಿನ್ಯ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹೊಗೆಯ ಚಿಮಣಿ, ಇಲ್ಲವೆ ಕೊಳವೆಯಿಂದ ಬೀಳುವ ಬಣ್ಣದ ನೀರು. ಮಳೆನೀರಿನ ಚರಂಡಿಯನ್ನು ಯಾರೂ ಅನುಮಾನಿಸುವುದಿಲ್ಲ. ಅದರಲ್ಲಿ ಹೋಗುವುದು ಆಕಾಶದ ನೀರು ತಾನೇ. ದೊಡ್ಡ ದೊಡ್ಡ ಇಂಜಿನಿಯರುಗಳಿರುವ ಕಂಪನಿಗಳೂ ಹೀಗೇ ಭಾವಿಸಿದ್ದವು ಎಂಬುದಕ್ಕೆ ಯೂರೋಪಿನ ಒಂದು ನಿದರ್ಶನವಿದೆ. ಅಲ್ಲಿ ಹರಿದದ್ದು ಮಳೆಯ ನೀರಲ್ಲ, ಬೆಂಕಿ ಆರಿಸಿದ ನೀರು. ಆದರೆ ಹರಿದ ದಾರಿ ಅದೇ. ಸುಟ್ಟದ್ದು ಕೂಡ ನಮ್ಮ ಗೋದಾಮಿನಲ್ಲಿರುವಂಥ ಸರಕೇ ಆದುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

ರೈನ್ ನದಿಯ ದಡದ ಗೋದಾಮು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ಶ್ವೈಟ್ಸರ್‌ಹಾಲೆ ಎಂಬಲ್ಲಿ ಸ್ಯಾಂಡೋಜ್ ಕಂಪನಿಯ ರಾಸಾಯನಿಕ ಕಾರ್ಖಾನೆ ಇತ್ತು. ಅದರ 956ನೇ ನಂಬರಿನ ಗೋದಾಮಿನಲ್ಲಿ ಸುಮಾರು 1,350 ಟನ್ ರಾಸಾಯನಿಕಗಳಿದ್ದವು. ಹೆಚ್ಚಿನದು ಬೇಸಾಯಕ್ಕೆ ಬೇಕಾಗುವ ಕೀಟನಾಶಕ. ಜೊತೆಗೆ ಪಾದರಸ ಬೆರೆತ ಶಿಲೀಂಧ್ರನಾಶಕ, ಒಂದಿಷ್ಟು ಬಣ್ಣ. 1986ರ ನವೆಂಬರ್ 1ರಂದು ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಅಲ್ಲಿ ಬೆಂಕಿ ಕಾಣಿಸಿತು. ಅಗ್ನಿಶಾಮಕ ದಳದವರು ರಾತ್ರಿಯೆಲ್ಲ ನೀರು ಹೊಡೆದು ಬೆಳಗಿನ ಜಾವಕ್ಕೆ ಬೆಂಕಿ ಆರಿಸಿದರು. ಬೆಂಕಿಯಲ್ಲಿ ಜೀವಹಾನಿಯಾಗಲಿಲ್ಲ. ಊರಿನವರು ಸೈರನ್ ಕೇಳಿ ಕಿಟಕಿ ಬಾಗಿಲು ಮುಚ್ಚಿಕೊಂಡು ಕುಳಿತಿದ್ದರು.

ಆದರೆ ಹೊಡೆದ ನೀರು ಎಲ್ಲಿ ಹೋಗಬೇಕು? ಸುಮಾರು 10,000ದಿಂದ 15,000 ಘನ ಮೀಟರ್ ನೀರು, ನಮ್ಮ ಲೆಕ್ಕದಲ್ಲಿ ಒಂದರಿಂದ ಒಂದೂವರೆ ಕೋಟಿ ಲೀಟರ್, ಆ ಗೋದಾಮಿನ ಸುತ್ತಲಿನ ಚರಂಡಿಗಳಿಗಿಳಿದು ನೇರವಾಗಿ ರೈನ್ ನದಿಗೆ ಹೋಯಿತು. ಹಿಡಿದು ನಿಲ್ಲಿಸುವ ತೊಟ್ಟಿ ಇರಲಿಲ್ಲ. ಬಣ್ಣ ಬೆರೆತದ್ದರಿಂದ ಬೆಳಗಾಗುವ ಹೊತ್ತಿಗೆ ನದಿ ಕೆಂಪಾಗಿತ್ತು. ನೀರಿನೊಂದಿಗೆ ಹೋದ ಕೀಟನಾಶಕದಿಂದ ಸುಮಾರು 400 ಕಿಲೋಮೀಟರ್ ಕೆಳಗಿನವರೆಗೂ ಹಾವುಮೀನುಗಳು ಸತ್ತವು. ಸತ್ತವುಗಳ ಅಂದಾಜು 1,50,000. ಜರ್ಮನಿಯಲ್ಲಿ, ಹಾಲೆಂಡಿನಲ್ಲಿ ನದಿಯಿಂದ ಕುಡಿಯುವ ನೀರೆತ್ತುತ್ತಿದ್ದ ಕೇಂದ್ರಗಳನ್ನು ನಿಲ್ಲಿಸಬೇಕಾಯಿತು. ಒಂದು ದೇಶದ ಗೋದಾಮಿನ ಚರಂಡಿ ಮೂರು ನಾಲ್ಕು ದೇಶಗಳ ನಲ್ಲಿಯನ್ನು ಕಟ್ಟಿಸಿತು.

ಇದರಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ನಾಟಿದ ವಿವರ ಇನ್ನೊಂದು. ಬೆಂಕಿ ಬಿದ್ದ ನೀರನ್ನು ಹಿಡಿಯಲು ಇಲ್ಲಿ ತೊಟ್ಟಿಗಳಿಲ್ಲ ಎಂದು ಒಂದು ವಿಮಾ ಕಂಪನಿಯವರು 1981ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಐದು ವರ್ಷ ಯಾರೂ ಕಟ್ಟಿಸಲಿಲ್ಲ. ಪ್ರಾಯಶಃ ಅಲ್ಲಿಯೂ ಚರಂಡಿಯಲ್ಲಿ ನೀರು ಸರಾಗ ಹೋಗುತ್ತಿತ್ತು.

ಕೆಟ್ಟದ್ದರ ಹಿಂದೆ ಒಳ್ಳೆಯದೂ ಬಂತು. ಮರುವರ್ಷ, 1987ರಲ್ಲಿ, ನದಿಯ ಉದ್ದಕ್ಕಿರುವ ದೇಶಗಳು ಸೇರಿ ರೈನ್ ಕ್ರಿಯಾಯೋಜನೆಯನ್ನು ಒಪ್ಪಿದವು. ಸಾಲ್ಮನ್ ಎಂಬ ಮೀನು ನದಿಗೆ ಹಿಂದಿರುಗಬೇಕೆಂಬ ಗುರಿ ಇಟ್ಟುಕೊಂಡವು, ಮುಂದಿನ ವರ್ಷಗಳಲ್ಲಿ ಅದು ಹಿಂದಿರುಗಿತು ಕೂಡ. ಕಾರ್ಖಾನೆಗಳು ಬೆಂಕಿಯ ನೀರನ್ನೂ ಕೊಳಕಾದ ಮಳೆನೀರನ್ನೂ ಹಿಡಿದಿಡುವ ತೊಟ್ಟಿಗಳನ್ನು ಕಟ್ಟಿಸಿದವು. ಅಮೆರಿಕದಲ್ಲಿ ಅಲ್ಲಿನ ಶುದ್ಧ ಜಲ ಕಾಯಿದೆಗೆ 1987ರಲ್ಲೇ ತಿದ್ದುಪಡಿಯಾಗಿ, 1990ರ ನಿಯಮಗಳಿಂದ ಕಾರ್ಖಾನೆಗಳ ಅಂಗಳದ ಮಳೆನೀರಿಗೂ ಪರವಾನಗಿ ಬೇಕೆಂದಾಯಿತು. ಆ ಪರವಾನಗಿಯಡಿ ಕಾರ್ಖಾನೆಯವನು ಮಾಡಬೇಕಾದ ಕೆಲಸಗಳಲ್ಲಿ ಒಂದೆರಡು ಬಹಳ ಸರಳ. ಅಂಗಳದ ನಕ್ಷೆ ಬರೆದು ನೀರು ಯಾವ ಕಡೆ ಹರಿಯುತ್ತದೆಂದು ಬಾಣದ ಗುರುತು ಹಾಕಬೇಕು. ಮಳೆಗೆ ತಾಗುವಂತೆ ಯಾವ ಯಾವ ಸಾಮಾನು ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಬೇಕು. ಜವಾಬ್ದಾರಿ ಯಾರದೆಂದು ಹೆಸರು ಹೇಳಬೇಕು. ಇನ್ನೊಂದು, ಮೂರು ತಿಂಗಳಿಗೊಮ್ಮೆ ಮಳೆ ಬಂದಾಗ ಚರಂಡಿಯ ಬಾಯಲ್ಲಿ ಬಿಳಿ ಗಾಜಿನ ಬಾಟ್ಲಿಯಲ್ಲಿ ನೀರು ಹಿಡಿದು ಬಣ್ಣ, ವಾಸನೆ, ನೊರೆ, ಎಣ್ಣೆಯ ಪೊರೆ, ತಳದ ಕೆಸರು ನೋಡಿ ಬರೆದಿಡಬೇಕು. ಇದಕ್ಕೆ ಪ್ರಯೋಗಶಾಲೆ ಬೇಡ, ಒಂದು ಬಾಟ್ಲಿ ಮತ್ತು ಮಳೆಯಲ್ಲಿ ಹೊರಡುವ ಮನಸ್ಸು ಸಾಕು.

ನಮ್ಮ ಅಂಗಳದಲ್ಲಿ ಕಂಡದ್ದು

ಕಳೆದ ಮಳೆಗಾಲದಲ್ಲಿ ನಾವು ಮತ್ತು ಗೋದಾಮಿನ ಗುಮಾಸ್ತರು ಕೊಡೆ ಹಿಡಿದು ಇದೇ ಕೆಲಸ ಮಾಡಿದೆವು. ಒಣಗಿದ ದಿನ ನೋಡಿದರೆ ಅಂಗಳ ಮಟ್ಟಸವಾಗಿ ಕಾಣುತ್ತದೆ. ನೀರು ಹರಿಯುವಾಗಲೇ ಅದರ ಏರು ತಗ್ಗು ತಿಳಿಯುವುದು. ಇಷ್ಟು ವರ್ಷ ಅಲ್ಲಿ ಓಡಾಡಿದ ನಮಗೇ ಗೊತ್ತಿಲ್ಲದ ಸಂಗತಿ ಒಂದಿತ್ತು. ಹಲ್ಲರ್ ಶೆಡ್ಡಿನ ಹಿಂದಿನ ನೀರು ಮುಂದಿನ ಚರಂಡಿಗೆ ಬರುವುದೇ ಇಲ್ಲ. ಅದು ಬೇಲಿ ದಾಟಿ ಪಕ್ಕದವರ ತೋಟದ ಬಸಿಗಾಲುವೆಗೆ ಇಳಿಯುತ್ತದೆ. ಆ ಸದಸ್ಯರು ಒಮ್ಮೆಯೂ ದೂರು ಹೇಳಿದವರಲ್ಲ.

ಲೋಡಿಂಗ್ ಕಟ್ಟೆಯ ಕಥೆ ಹೇಳಿಯಾಯಿತು. ಅದಕ್ಕೆ ಮಾಡು ಇಲ್ಲದಿರುವುದು ಮೊದಲ ದೋಷ. ಎರಡನೆಯದು ನಮ್ಮ ಅಭ್ಯಾಸದ್ದು. ಪ್ರತಿ ತಿಂಗಳ ಕೊನೆಗೆ ಕಟ್ಟೆಯನ್ನು ಪೈಪು ಹಿಡಿದು ತೊಳೆಸುತ್ತಿದ್ದೆವು, ಶುಚಿ ಎಂದುಕೊಂಡು. ಯೂರಿಯಾ, ಪೊಟ್ಯಾಷ್ ನೀರಿನಲ್ಲಿ ಕರಗುವ ವಸ್ತುಗಳು. ತೊಳೆದಷ್ಟೂ ಹಳ್ಳಕ್ಕೆ ಗೊಬ್ಬರ ಹಾಕಿದಂತೆ. ಈಗ ತೊಳೆಯುವುದನ್ನು ನಿಲ್ಲಿಸಿ ಒಣಗಿದ್ದಾಗಲೇ ಗುಡಿಸಿ ಚೀಲಕ್ಕೆ ತುಂಬಲು ಹೇಳಿದ್ದೇವೆ. ಗುಡಿಸಿದ ಬೆರಕೆ ಗೊಬ್ಬರವನ್ನು ಕಡಿಮೆ ದರಕ್ಕೆ ಕೊಂಡೊಯ್ಯುವವರಿದ್ದಾರೆ. ಮೈಲುತುತ್ತ, ಕೀಟನಾಶಕ ಚೆಲ್ಲಿದ್ದನ್ನು ಮಾತ್ರ ಇದರೊಂದಿಗೆ ಬೆರೆಸಕೂಡದು. ದ್ರವ ಚೆಲ್ಲಿದರೆ ಮರದ ಹೊಟ್ಟು ಅಥವಾ ಒಣ ಮಣ್ಣು ಹರಡಿ, ಹೀರಿದ ಮೇಲೆ ಬಳಿದು, ಮುಚ್ಚಳದ ಡ್ರಮ್ಮಿಗೆ ಹಾಕಬೇಕು. ಮೈಲುತುತ್ತದ ನೀರು ಹರಿದಲ್ಲಿ ಸುಣ್ಣ ಹರಡಿದರೆ ತಾಮ್ರ ಕರಗದ ರೂಪಕ್ಕೆ ತಿರುಗಿ ಗಷ್ಟಾಗಿ ನಿಲ್ಲುತ್ತದೆ. ಅದನ್ನೂ ಬಳಿದು ಡ್ರಮ್ಮಿಗೇ ಹಾಕುವುದು. ಹೊಟ್ಟಿನ ಚೀಲ, ಸುಣ್ಣದ ಡಬ್ಬ, ಮೊರ, ಪೊರಕೆ, ಕೈಗವಸು ಈಗ ಕಟ್ಟೆಯ ಬಾಗಿಲಲ್ಲೇ ಇವೆ. ಇವುಗಳಿಗೆ ಆದ ಖರ್ಚು ಬಹಳ ಕಡಿಮೆ. 2016ರಲ್ಲೂ ಇಷ್ಟೇ ಸಾಕಾಗುತ್ತಿತ್ತು.

ಡೀಸೆಲ್ ಡ್ರಮ್ಮುಗಳ ವಿಷಯಕ್ಕೆ ಬಂದರೆ, ಅವುಗಳ ಸುತ್ತ ಒಂದು ಗಿಡ್ಡ ಗೋಡೆ ಕಟ್ಟಿ, ಒಡೆದರೂ ಎಣ್ಣೆ ಹೊರಹೋಗದಂತೆ ಮಾಡಬೇಕೆಂಬುದು ಎಲ್ಲ ಕಡೆಯ ಪದ್ಧತಿ. ಅತಿ ದೊಡ್ಡ ಪಾತ್ರೆಯಲ್ಲಿ ಹಿಡಿಯುವುದಕ್ಕಿಂತ ಹತ್ತನೇ ಒಂದು ಭಾಗ ಹೆಚ್ಚು ಹಿಡಿಯುವಷ್ಟು ಎತ್ತರ ಇರಬೇಕು. ಪುಸ್ತಕ ಓದಿ ನಾವೂ ಹಾಗೆಯೇ ಕಟ್ಟಿಸಿದೆವು. ಜೂನ್ ತಿಂಗಳಲ್ಲಿ ಎರಡೇ ದಿನದ ಮಳೆಗೆ ಅದು ತುಂಬಿ, ಮೇಲೆ ತೇಲಿದ ಎಣ್ಣೆಯೊಡನೆ ಉಕ್ಕಿ ಹರಿಯಿತು! ಮಲೆನಾಡಿನಲ್ಲಿ ಮಾಡಿಲ್ಲದ ಗಿಡ್ಡ ಗೋಡೆ ಎಂದರೆ ಮಳೆಗೆ ಹಿಡಿದ ಬೋಗುಣಿ. ಈಗ ಅದರ ಮೇಲೆ ತಗಡು ಹಾಕಿಸಿದ್ದೇವೆ.

ತೂಕದ ಸೇತುವೆಯ ಗುಂಡಿಯ ಗ್ರೀಸು, ರಿಪೇರಿ ಶೆಡ್ಡಿನ ಹಳೆಯ ಬ್ಯಾಟರಿಗಳು, ಸದಸ್ಯರು ತಂದಿಟ್ಟು ಹೋದ ಔಷಧದ ಖಾಲಿ ಡಬ್ಬಗಳು, ಇವೆಲ್ಲವೂ ಬಯಲಲ್ಲೇ ಇದ್ದವು. ಬ್ಯಾಟರಿಗಳನ್ನು ಅಂಗಡಿಗೆ ಹಿಂದಿರುಗಿಸಿದ್ದಾಯಿತು. ಡಬ್ಬಗಳನ್ನು ಒಳಗೆ ಇಡಿಸಿದ್ದೇವೆ. ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪಡಿಸುವ ದ್ರಾವಣಕ್ಕೇ ಸೇರಿಸಿ, ತೂತು ಮಾಡಿ ತರುವಂತೆ ಸದಸ್ಯರಲ್ಲಿ ವಿನಂತಿ.

ಎಲ್ಲ ನೀರನ್ನೂ ಹಿಡಿಯಲು ಆಗುವುದೇ?

ಆಗದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ನಮ್ಮ ಅಂಗಳ 20 ಗುಂಟೆ, ಸುಮಾರು 2,000 ಚದರ ಮೀಟರ್. ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಎಂದರೂ 60 ಲಕ್ಷ ಲೀಟರ್ ಆಯಿತು. ಆಗುಂಬೆಯ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು. ಅಲ್ಲಿಯ ಮಾತು ಬೇರೆಯೇ. ಇಷ್ಟನ್ನು ತೊಟ್ಟಿ ಕಟ್ಟಿ ಹಿಡಿಯುವುದು ಹುಚ್ಚುತನ. ಮಳೆ ಕಡಿಮೆ ಬೀಳುವ ದೇಶಗಳಲ್ಲಿ ಬರೆದ ಪುಸ್ತಕಗಳು ಕೆರೆಯಂಥ ತೊಟ್ಟಿಗಳ ಚಿತ್ರ ತೋರಿಸುತ್ತವೆ. ನಮ್ಮ ಸೀಮೆಗೆ ಒಪ್ಪುವ ದಾರಿ, ಕೊಳಕಾಗುವ ಜಾಗಕ್ಕೆ ಮಳೆ ತಾಗದ ಹಾಗೆ ಮಾಡುವುದು ಮತ್ತು ಶುದ್ಧ ನೀರು ಕೊಳಕು ನೀರಿನೊಡನೆ ಕೂಡದ ಹಾಗೆ ಬೇರೆ ದಾರಿ ಮಾಡಿಕೊಡುವುದು.

ಆದುದರಿಂದಲೇ ಅಂದಾಜು ಪಟ್ಟಿಯಲ್ಲಿ ಹೆಚ್ಚಿನ ಹಣ ಮಾಡಿಗೆ ಹೋಗಿದೆ. ಗೋದಾಮಿನ ಸೂರು 360 ಚದರ ಮೀಟರ್. ಅದರಿಂದ ಬೀಳುವ ನೀರೇ ವರ್ಷಕ್ಕೆ 10 ಲಕ್ಷ ಲೀಟರ್ ಮೀರುತ್ತದೆ. ಈಗ ಆ ಶುದ್ಧ ನೀರೆಲ್ಲ ಕಟ್ಟೆಯ ಮುಂದೆಯೇ ಧುಮುಕಿ, ಅಂಗಳದ ಕೊಳೆ ತೊಳೆದು ಹೋಗುತ್ತಿದೆ. ಸೂರಿಗೆ ದೋಣಿ ಕಟ್ಟಿ ಬೇರೆ ಕಾಲುವೆಯಲ್ಲಿ ಬಿಟ್ಟರೆ ಅದನ್ನು ಹಳ್ಳಕ್ಕೆ ಧಾರಾಳವಾಗಿ ಬಿಡಬಹುದು.

ಉಳಿದ ಬಯಲು ಅಂಗಳಕ್ಕೆ ಒಂದೇ ಒಂದು ತೊಟ್ಟಿ ಸೂಚಿಸಿದ್ದೇವೆ: 20,000 ಲೀಟರಿನದು, ಅಂದರೆ ಮೊದಲ ಮಳೆಯ 10 ಮಿಲಿಮೀಟರ್ ಹಿಡಿಯುವಷ್ಟು. ಹಲಗೆಯ ತಡೆ ಇಟ್ಟು, ಹೂಮಳೆಯ ಮೊದಲ ನೀರನ್ನು ಅದಕ್ಕೆ ತಿರುಗಿಸುವುದು; ತುಂಬಿದ ಮೇಲೆ ಬಂದ ನೀರು ಹಳೆಯ ದಾರಿಯಲ್ಲೇ ಹೋಗಲಿ. ತೊಟ್ಟಿಯ ಹೊರದಾರಿಗೆ ಬಗ್ಗಿದ ಕೊಳವೆ ಹಾಕಿ ಅದರ ಬಾಯಿ ನೀರಿನೊಳಗೆ ಮುಳುಗಿರುವಂತೆ ಮಾಡಿದರೆ ಎಣ್ಣೆ ಮೇಲೆಯೇ ಉಳಿಯುತ್ತದೆ, ತಿಳಿನೀರು ಕೆಳಗಿನಿಂದ ಹೋಗುತ್ತದೆ. ಕೆಸರನ್ನು ವರ್ಷಕ್ಕೊಮ್ಮೆ ತೆಗೆಯಲೇಬೇಕು. ತೆಗೆಯದ ತೊಟ್ಟಿ ಇದ್ದೂ ಇಲ್ಲದಂತೆ.

ತೋಟದ ಮನೆಯ ಅಂಗಳ

ಸಂಘದ ಮಾತು ಹೀಗಾಯಿತು. ಸದಸ್ಯರ ಮನೆಯ ಕಣ, ಪಲ್ಪರ್ ಶೆಡ್ಡುಗಳೂ ಸಣ್ಣ ಕಾರ್ಖಾನೆಗಳೇ. ಪಲ್ಪರಿನ ನೀರನ್ನು ಹಳ್ಳಕ್ಕೆ ಬಿಡಕೂಡದೆಂಬುದು ಈಗ ಎಲ್ಲರಿಗೂ ತಿಳಿದಿದೆ, ಗುಂಡಿ ತೋಡಿದವರೂ ಬಹಳ ಜನ. ಸಿಪ್ಪೆಯ ರಾಶಿಯ ಮೇಲೆ ಮಾತ್ರ ಯಾರ ಕಣ್ಣೂ ಹೋಗಿಲ್ಲ. ಹಣ್ಣಿನ ತೂಕದಲ್ಲಿ ಸುಮಾರು ನೂರಕ್ಕೆ 40 ಭಾಗ ಸಿಪ್ಪೆ. ಅದನ್ನು ಶೆಡ್ಡಿನ ಹಿಂದೆ ಇಳಿಜಾರಿಗೆ ಸುರಿದಿರುತ್ತೇವೆ. ಈಚಿನ ವರ್ಷಗಳಲ್ಲಿ ಕೊಯ್ಲಿನ ನಡುವೆಯೇ, ಡಿಸೆಂಬರ್, ಜನವರಿಯಲ್ಲಿ, ಅಕಾಲ ಮಳೆ ಬರುತ್ತಿರುವುದು ಕಣದಲ್ಲಿ ಕಾಫಿ ಹರಡಿಕೊಂಡ ಎಲ್ಲರಿಗೂ ಗೊತ್ತು. ಆಗ ಟಾರ್ಪಾಲು ಹೊತ್ತು ಓಡುವುದು ಕಾಫಿಗೆ, ಸಿಪ್ಪೆಯ ರಾಶಿಗೆ ಯಾರೂ ಹೊದಿಸುವುದಿಲ್ಲ. ಅದರಿಂದ ಇಳಿಯುವ ಕಪ್ಪು ರಸ ನೀರಿನಲ್ಲಿ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕಬಳಿಸುತ್ತದೆ. ಮೀನು ಉಸಿರು ಕಟ್ಟಿ ಸಾಯುತ್ತದೆ, ನೀರು ನಾರುತ್ತದೆ. ರಾಶಿಯನ್ನು ಹಳ್ಳದಿಂದ ದೂರ, ಎತ್ತರದ ಸಮತಟ್ಟಿನಲ್ಲಿ ಹಾಕಿ, ಮೇಲ್ಗಡೆ ಒಂದು ಅಡ್ಡಗಾಲುವೆ ಕಡಿದು, ಸೋಗೆಯನ್ನಾದರೂ ಹೊದಿಸಿದರೆ ಬಹುಪಾಲು ತಪ್ಪುತ್ತದೆ. ಸಗಣಿ, ಸೊಪ್ಪಿನೊಡನೆ ಪದರ ಪದರವಾಗಿ ಒಟ್ಟಿ ಗೊಬ್ಬರ ಮಾಡಿದರೆ ಗಿಡಕ್ಕೂ ಲಾಭ. ಮಳೆಗೆ ತೊಳೆದುಹೋದ ಸಿಪ್ಪೆಯಲ್ಲಿ ಗೊಬ್ಬರದ ಸತ್ವ ಉಳಿಯದು.

ಅಡಿಕೆಯವರಿಗೂ ಇದೇ ಮಾತು. ಬೇಯಿಸಿ ಉಳಿದ ತೆಳು ಚೊಗರನ್ನು ಒಲೆಮನೆಯ ಹಿಂದೆ ಚೆಲ್ಲುವ ರೂಢಿ ಬಿಡಬೇಕು. ಚೊಗರಿನ ಒಗರು ಕಬ್ಬಿಣದ ಅಂಶ ಸೇರಿದಾಗ ಕಪ್ಪಾಗುತ್ತದೆ. ನಮ್ಮದು ಕಬ್ಬಿಣ ತುಂಬಿದ ಕೆಮ್ಮಣ್ಣಿನ ನೆಲ. ಅಕ್ಟೋಬರಿನ ಹಿಂಗಾರು ಮಳೆಗೆ ಕೆಲವು ಊರಿನ ತೋಡು ಮಸಿಯಾಗಿ ಹರಿಯುವುದರ ಗುಟ್ಟು ಇದೇ. ರಸ್ತೆ ಬದಿಗೆ ಸುರಿದ ಸಿಪ್ಪೆಯ ಸಂಗತಿ ಬರೆಯಹೋದರೆ ಲೇಖನ ಬೆಳೆಯುತ್ತದೆ, ಇನ್ನೊಮ್ಮೆ ನೋಡೋಣ. ಬೋರ್ಡೋ ಕದಡುವ ಬ್ಯಾರಲನ್ನು ಹಳ್ಳದ ದಡದಲ್ಲಿ, ನೀರು ಹತ್ತಿರವೆಂದು ಇಟ್ಟುಕೊಳ್ಳುವವರು ಮಾತ್ರ ದಯವಿಟ್ಟು ಈ ವರ್ಷವೇ ಅದನ್ನು ಮೇಲಕ್ಕೆ ಸಾಗಿಸಬೇಕು. ಪೈಪು ಉದ್ದ ಬೇಕಾದೀತು, ಕೊನೆಗಾರರು ಗೊಣಗಿಯಾರು. ಆದರೂ ಮಾಡಲೇಬೇಕಾದ ಕೆಲಸ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯಿದೆಯ 24ನೇ ಕಲಮಿನ ಪ್ರಕಾರ ಗೊತ್ತಿದ್ದೂ ವಿಷಕಾರಿ ಅಥವಾ ಮಲಿನಕಾರಿ ವಸ್ತುವನ್ನು ಹಳ್ಳಕ್ಕೋ ಬಾವಿಗೋ ಸೇರಲು ಬಿಡಕೂಡದು. ‘ಗೊತ್ತಿದ್ದೂ’ ಎಂಬ ಮಾತು ಅಲ್ಲಿದೆ. 2016ರ ಆ ಸೋಮವಾರದ ತನಕ ನಮಗೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಈಗ ನಕ್ಷೆಯನ್ನು ನಾವೇ ಬರೆದು ಬಾಣದ ಗುರುತು ಹಾಕಿದ್ದೇವೆ. ಇನ್ನು ಆ ಮಾತು ನಡೆಯದು.

ಡಿವಿಡೆಂಡಿನ ಪ್ರಶ್ನೆ ಎತ್ತಿದ ಸದಸ್ಯರೊಬ್ಬರಿಗೆ ನಕ್ಷೆ ತೋರಿಸಿದೆವು. ಬಹಳ ಹೊತ್ತು ನೋಡಿ, “ಈ ಬಾಣ ಹೋಗುವುದು ನಮ್ಮ ಭಾವನವರ ಬಾವಿಯ ಕಡೆಗಲ್ಲವೇ ಮಾರಾಯರೇ?” ಎಂದು ಕೇಳಿದರು. ಹೌದೆಂದೆವು. ಸಭೆಯಲ್ಲಿ ಅವರು ಯಾವ ಪಕ್ಷ ಹಿಡಿಯುವರೋ ನಾವು ಕೇಳಲಿಲ್ಲ.

ಅಂದಾಜು ಪಟ್ಟಿ ನೋಟೀಸು ಬೋರ್ಡಿನಲ್ಲಿದೆ, ನಕ್ಷೆ ಆಫೀಸಿನ ಗೋಡೆಯ ಮೇಲಿದೆ. ಅಂಗಳ ನೋಡಬಯಸುವವರು ಸಭೆಯ ದಿನ ಒಂದು ಗಂಟೆ ಮೊದಲು ಬಂದರೆ ಗುಮಾಸ್ತರು ಜೊತೆಯಲ್ಲಿ ಬಂದು ತೋರಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಮೋರಿ ಬಾಯಲ್ಲಿ ಹಿಡಿದ ಬಾಟ್ಲಿಗಳನ್ನು ತಾರೀಖು ಬರೆದು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೇವೆ. ಆಗಸ್ಟಿನದು ಬಹುಮಟ್ಟಿಗೆ ತಿಳಿಯಾಗಿದೆ. ಜೂನ್ ಮೊದಲ ವಾರದ್ದರ ತಳದಲ್ಲಿ ಒಂದಂಗುಲ ಕಪ್ಪು ಕೆಸರು ಕೂತಿದೆ.